ವಿದ್ವತ್ತಿನ ಹೊಸ ಅಂಗಳ, ಹಳೆಯ ಶಿಸ್ತು

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಿಂದ ಬಾದಾಮಿಯ ಕಡೆಗೆ ದಾರಿ ಕವಲೊಡೆಯುವ ಊರು ಕುಳಗೇರಿ ಕ್ರಾಸ್. ಇಲ್ಲಿ ವಿಶ್ವವಿದ್ಯಾಲಯವಿಲ್ಲ. ಆದರೆ ಕನ್ನಡ ನಾಡಿನ ಚರಿತ್ರೆ ಬರೆಯುವವರಿಗೆ ಬೇಕಾದ ಮೂಲ ಸಾಮಗ್ರಿಯ ಬಹುಪಾಲು ಇರುವುದು ಇದೇ ಸೀಮೆಯಲ್ಲಿ: ಒಂದನೆಯ ಪುಲಕೇಶಿಯ ಕ್ರಿ.ಶ. 543ರ ಬಂಡೆ ಶಾಸನ, ಮಂಗಳೇಶನ 578ರ ಗುಹಾಶಾಸನ, ಕಪ್ಪೆ ಅರಭಟ್ಟನ ಶಾಸನ, ಐಹೊಳೆಯ ಮೇಗುತಿಯಲ್ಲಿರುವ ರವಿಕೀರ್ತಿಯ ಪ್ರಶಸ್ತಿ. ಸಾಮಗ್ರಿ ಇರುವ ಕಡೆ ವಿದ್ವತ್ತಿನ ಸೌಲಭ್ಯವಿಲ್ಲ, ಸೌಲಭ್ಯವಿರುವ ಕಡೆ ಸಾಮಗ್ರಿಯಿಲ್ಲ ಎಂಬುದು ಈ ಭಾಗದ ಅಧ್ಯಾಪಕರ ಹಳೆಯ ಸಂಕಟ.

ಪುಲಕೇಶಿಯ ಶಾಸನ 1941ರಲ್ಲಿ ಪತ್ತೆಯಾಯಿತು. ಆರ್.ಎಸ್. ಪಂಚಮುಖಿಯವರ ಸಂಪಾದನೆಯಲ್ಲಿ ಅದು ಅಚ್ಚಾದದ್ದು ‘ಎಪಿಗ್ರಾಫಿಯಾ ಇಂಡಿಕಾ’ದ 27ನೆಯ ಸಂಪುಟದಲ್ಲಿ, ಅಂದರೆ 1947-48ರ ಹೊತ್ತಿಗೆ. ಇಂದು ಹಳ್ಳಿಯ ಗುಡಿಯ ಹಿಂದೆ ಅಕ್ಷರ ಕೆತ್ತಿದ ಕಲ್ಲೊಂದು ಕಂಡರೆ, ಸ್ಥಳೀಯ ಕಾಲೇಜಿನ ಅಧ್ಯಾಪಕರು ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ವಾಟ್ಸ್‌ಆ್ಯಪ್ ಬಳಗಕ್ಕೋ ಫೇಸ್‌ಬುಕ್ಕಿಗೋ ಹಾಕುತ್ತಾರೆ. ಸಂಜೆಯೊಳಗೆ ಧಾರವಾಡದ, ಮೈಸೂರಿನ ವಿದ್ವಾಂಸರು ಪಾಠ ಸೂಚಿಸಿರುತ್ತಾರೆ. ಏಳು ವರ್ಷದ ಕೆಲಸ ಏಳು ತಾಸಿನಲ್ಲಿ ಮುಗಿಯಿತು ಎಂದು ಹಿಗ್ಗುವುದು ಸಹಜ. ಆದರೆ ಮುಗಿದದ್ದು ಸುದ್ದಿ ತಲುಪಿಸುವ ಕೆಲಸ ಮಾತ್ರ, ಪರಿಶೀಲಿಸುವ ಕೆಲಸವಲ್ಲ. ಈ ವ್ಯತ್ಯಾಸವನ್ನು ನಾವು ಮರೆಯುತ್ತಿದ್ದೇವೆ ಎಂಬುದೇ ನನ್ನ ಕಳವಳ.

ಸಾಮಾಜಿಕ ಜಾಲತಾಣವನ್ನು ವಿದ್ವತ್ತಿಗೆ ಸರಿಯಾಗಿ ದುಡಿಸಿಕೊಳ್ಳಬಹುದು ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ನಗರದ ಶಾಸನಗಲ್ಲುಗಳು ಚರಂಡಿಯ ಪಾಲಾಗುತ್ತಿದ್ದುದನ್ನು ಕಂಡ ಆಸಕ್ತರು ಫೇಸ್‌ಬುಕ್ ಮೂಲಕ ಒಂದುಗೂಡಿ, ಬಿ.ಎಲ್. ರೈಸ್ ಅವರ ಕಾಲದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟವನ್ನು ಕೈಯಲ್ಲಿ ಹಿಡಿದು ಕಲ್ಲುಗಳನ್ನು ಹುಡುಕಿದರು. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದಾಗ ಅದರ ಕಾಲವನ್ನು ನಿರ್ಧರಿಸಿದವರು ಲಿಪಿತಜ್ಞರೇ ಹೊರತು ಮೆಚ್ಚುಗೆಯ ಗುಂಡಿ ಒತ್ತಿದವರಲ್ಲ. ಮುಂದೆ 2021ರಲ್ಲಿ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಕಾಪಿಡುವ ಯೋಜನೆ ಆರಂಭವಾಯಿತು. ಜನರ ಉತ್ಸಾಹ, ತಜ್ಞರ ಪರಿಶೀಲನೆ, 1909ರಲ್ಲಿ ಸ್ಥಾಪನೆಯಾದ ಸಂಸ್ಥೆಯೊಂದರ ಬೆಂಬಲ ಮೂರೂ ಕೂಡಿದ್ದರಿಂದ ಅದು ಸಾಧ್ಯವಾಯಿತು.

ಬಾದಾಮಿ, ಹುನಗುಂದ ಸೀಮೆಯ ಅಧ್ಯಾಪಕರಿಗೆ ಉತ್ಸಾಹ ಕಡಿಮೆಯಿಲ್ಲ. ಕಡಿಮೆಯಿರುವುದು ಉಳಿದೆರಡು. ಹಾಗಾಗಿ ಅಪಾಯಗಳು ಎದುರಾಗುತ್ತವೆ. ಮೊದಲನೆಯದು, ಅವಸರದ ಘೋಷಣೆ. ‘ಅತಿ ಪ್ರಾಚೀನ’ ಎಂಬ ವಿಶೇಷಣವಿಲ್ಲದ ಬರಹಕ್ಕೆ ಜಾಲತಾಣದಲ್ಲಿ ಓದುಗರಿಲ್ಲ. ಮರುದಿನ ತಿದ್ದುಪಡಿ ಹಾಕಿದರೆ ಅದನ್ನು ಹಂಚುವವರೂ ಇಲ್ಲ. ಎರಡನೆಯದು, ಊರು, ಸರ್ವೆ ನಂಬರು ಸಹಿತ ಚಿತ್ರ ಪ್ರಕಟವಾದರೆ ಅದು ವಿದ್ವಾಂಸರಿಗಿಂತ ಮುಂಚೆ ನಿಧಿಗಳ್ಳರಿಗೆ ತಲುಪಬಹುದು. ಮೂರನೆಯದು, ಮೊದಲು ಕಂಡವರ ಶ್ರಮಕ್ಕೆ ದಾಖಲೆಯಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿದ ಚಿತ್ರಕ್ಕೆ ಒಡೆಯನಿಲ್ಲ. ಅದನ್ನೇ ಆಧರಿಸಿ ಬೇರೊಬ್ಬರು ಪ್ರಬಂಧ ಮಂಡಿಸಿದರೆ ಕೇಳುವವರಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇದನ್ನು ಪ್ರತಿಫಲದ ಪ್ರಶ್ನೆಯಾಗಿಯೂ ನೋಡುತ್ತೇನೆ. ಯುಜಿಸಿಯ 2018ರ ನಿಯಮಾವಳಿಯಂತೆ ಮಾನವಿಕ ವಿಷಯಗಳಲ್ಲಿ ಮಾನ್ಯ ನಿಯತಕಾಲಿಕದ ಒಂದು ಲೇಖನಕ್ಕೆ 10 ಅಂಕ. ಒಂದು ತಾಲ್ಲೂಕಿನ ಶಾಸನಗಳನ್ನೆಲ್ಲ ಜನರಿಗೆ ತಿಳಿಯುವ ಕನ್ನಡದಲ್ಲಿ ಜಾಲತಾಣದಲ್ಲಿ ವಿವರಿಸಿದವರಿಗೆ ಅದರಲ್ಲಿ ಸ್ಥಾನವಿಲ್ಲ. ಪರಿಣಾಮವಾಗಿ ಅಂಕಕ್ಕಾಗಿ ಬರೆದದ್ದನ್ನು ಯಾರೂ ಓದುವುದಿಲ್ಲ. ಜನ ಓದುವುದನ್ನು ಯಾರೂ ಪರಿಶೀಲಿಸುವುದಿಲ್ಲ. ಎರಡೂ ಕಡೆ ನಷ್ಟ ಸಮಾಜದ್ದೇ.

ಇನ್ನೊಂದು ತೊಡಕು ಭಯದ್ದು. ಸರ್ಕಾರಿ ಕಾಲೇಜಿನ ಅಧ್ಯಾಪಕರು ನಡತೆ ನಿಯಮಗಳಿಗೆ ಬದ್ಧರು. 2023ರ ಮೇ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಶಾಲಾ ಶಿಕ್ಷಕರೊಬ್ಬರು ಫೇಸ್‌ಬುಕ್ ಬರಹವೊಂದಕ್ಕಾಗಿ ಅಮಾನತುಗೊಂಡರು. ನೌಕರನಿಗೆ ಸಂಯಮ ಬೇಕೆಂಬುದನ್ನು ಆಡಳಿತದಲ್ಲಿ ದುಡಿದ ನಾನು ಅಲ್ಲಗಳೆಯಲಾರೆ. ಆದರೆ ಸ್ಮಾರಕದ ಪಕ್ಕದಲ್ಲಿ ಕಟ್ಟಡ ಏಳುತ್ತಿದೆ, ಶಾಸನದ ಮೇಲೆ ಸುಣ್ಣ ಬಳಿದಿದ್ದಾರೆ ಎಂದು ಚರಿತ್ರೆಯ ಅಧ್ಯಾಪಕರು ಬರೆದರೆ ಅದು ಸರ್ಕಾರದ ಟೀಕೆಯೋ, ವಿದ್ವಾಂಸನ ಕರ್ತವ್ಯವೋ? ಕೇಂದ್ರ ಸರ್ಕಾರದ 1964ರ ನಡತೆ ನಿಯಮಗಳು ಕೇವಲ ಸಾಹಿತ್ಯಕ, ಕಲಾತ್ಮಕ ಅಥವಾ ವೈಜ್ಞಾನಿಕ ಬರಹಗಳಿಗೆ ಪೂರ್ವಾನುಮತಿ ಬೇಡವೆನ್ನುತ್ತವೆ. ಸರ್ಕಾರಿ ನೌಕರನಾದ ಮಾತ್ರಕ್ಕೆ ವಾಕ್ ಸ್ವಾತಂತ್ರ್ಯ ಕಳೆದುಹೋಗದು ಎಂದು ತ್ರಿಪುರಾ ಹೈಕೋರ್ಟ್ 2020ರಲ್ಲಿ ಫೇಸ್‌ಬುಕ್ ಬರಹದ ಪ್ರಕರಣವೊಂದರಲ್ಲೇ ಹೇಳಿದೆ. ವಿಷಯತಜ್ಞತೆಯ ಬರಹಕ್ಕೆ ರಕ್ಷಣೆಯಿದೆ ಎಂದು ಉನ್ನತ ಶಿಕ್ಷಣ ಇಲಾಖೆ ಸ್ಪಷ್ಟ ಸುತ್ತೋಲೆ ಹೊರಡಿಸಿದರೆ ಅಧ್ಯಾಪಕರ ಅಳುಕು ದೂರವಾದೀತು.

ಉಳಿದ ಪರಿಹಾರಗಳು ದುಬಾರಿಯಲ್ಲ. ಹೊಸ ಶೋಧವನ್ನು ಮೊದಲು ಪುರಾತತ್ವ ಇಲಾಖೆಗೆ ತಿಳಿಸಿ, ಕಲ್ಲಿಗೆ ರಕ್ಷಣೆ ದೊರೆಯುವವರೆಗೆ ನಿಖರ ಸ್ಥಳವನ್ನು ಗೋಪ್ಯವಾಗಿಡುವುದು ವಿದ್ವಾಂಸರು ತಾವೇ ಪಾಲಿಸಬಹುದಾದ ನೇಮ. ಪ್ರತಿ ಶೋಧಕ್ಕೂ ದಿನಾಂಕ, ಶೋಧಕರ ಹೆಸರು, ಪಾಠ, ತಿದ್ದುಪಡಿಗಳೊಡನೆ ಶಾಶ್ವತ ದಾಖಲೆ ಇಡುವ ಹೊಣೆಯನ್ನು ವಿಶ್ವವಿದ್ಯಾಲಯಗಳು ಹೊರಬೇಕು. ಜಾಲತಾಣದ ಬರಹ ಆ ದಾಖಲೆಗೆ ದಾರಿ ತೋರುವ ಕೈಮರವಾಗಬೇಕು. ತಜ್ಞರು ಒಪ್ಪಿದ ಇಂಥ ದಾಖಲೆಗೆ ಬಡ್ತಿಯ ಅಂಕಗಳಲ್ಲೂ ಪಾಲು ದೊರೆಯಬೇಕು.

ಬಾದಾಮಿಯ ಬಂಡೆ ಸುಮಾರು ಹದಿನೈದು ಶತಮಾನ ತನ್ನ ಮಾತನ್ನು ಉಳಿಸಿಕೊಂಡಿದೆ. ಫೇಸ್‌ಬುಕ್ಕಿನ ಬರಹ ಹದಿನೈದು ದಿನ ಕಳೆಯುವಷ್ಟರಲ್ಲಿ ಕಣ್ಮರೆಯಾಗುತ್ತದೆ. ಮೊದಲನೆಯದನ್ನು ಅರಿಯಲು ಎರಡನೆಯದನ್ನು ಬಳಸುವುದರಲ್ಲಿ ತಪ್ಪಿಲ್ಲ; ಆದರೆ ನಮ್ಮ ತಿಳಿವನ್ನು ಎರಡನೆಯದರಲ್ಲೇ ಬಿಟ್ಟುಬಿಟ್ಟರೆ ಮುಂದಿನವರು ಮತ್ತೆ ಕಲ್ಲಿನಿಂದಲೇ ಆರಂಭಿಸಬೇಕಾದೀತು. ಆ ವೇಳೆಗೆ ಕಲ್ಲು ಇದ್ದರೆ ಮಾತ್ರ.