ಮಾಸಿದ ಚಿತ್ರ, ಬರೆದ ಪ್ರತಿ

ಈಚೆಗೆ ಇಳಕಲ್ಲಿಗೆ ಸಮೀಪದ ಒಂದು ಹಳ್ಳಿಯವರು ತಮ್ಮ ಗುಡಿಯ ಜೀರ್ಣೋದ್ಧಾರದ ಸಮಾರಂಭಕ್ಕೆ ನನ್ನನ್ನು ಉಪನ್ಯಾಸಕ್ಕೆಂದು ಕರೆದಿದ್ದರು. ಆ ಗುಡಿಯ ಒಳಗೋಡೆಯ ಮೇಲೆ ಗಿರಿಜಾಕಲ್ಯಾಣದ ಹಳೆಯ ಚಿತ್ರವೊಂದಿದ್ದುದನ್ನು ಹಲವು ವರ್ಷಗಳ ಹಿಂದೆ ನಾನು ಕಂಡಿದ್ದೆ. ಕಾವಿ, ಸುಣ್ಣದ ಬಿಳುಪು, ಕಾಡಿಗೆಯ ಕಪ್ಪು. ಇಷ್ಟೇ ಅದರ ಬಣ್ಣ. ಅರ್ಧಕ್ಕರ್ಧ ಉದುರಿಹೋಗಿತ್ತು. ಈಗ ಅದೇ ಎಡೆಯಲ್ಲಿ ಥಳಥಳಿಸುವ ಎಣ್ಣೆಬಣ್ಣದ ಶಿವಪಾರ್ವತಿಯರು ಕ್ಯಾಲೆಂಡರಿನಿಂದ ಇಳಿದುಬಂದವರಂತೆ ನಿಂತಿದ್ದರು. ನನ್ನ ಮುಖವನ್ನು ಕಂಡ ಹಿರಿಯರೊಬ್ಬರು, "ಹಳೇದು ಪೂರಾ ಮಾಸಿ ಹೋಗಿತ್ರಿ ಸರ, ಅದಕ್ಕ ಅದರ ಮ್ಯಾಲೇ ಹೊಸದು ಬರಸೀವ್ರಿ" ಎಂದರು. ಅವರ ಭಕ್ತಿಯನ್ನು ನಾನು ಶಂಕಿಸಲಾರೆ. ಊರವರು ದುಡಿದ ಹಣ ಕೂಡಿಸಿ ಮಾಡಿಸಿದ ಕೆಲಸವದು. ಆದರೆ "ಅದರ ಮ್ಯಾಲೇ" ಎಂಬ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಹೀಗೆ ಮೇಲೆ ಬರೆಯುವುದರ ಫಲವೇನೆಂಬುದನ್ನು ತಿಳಿಯಲು ಬಹುದೂರ ಹೋಗಬೇಕಾಗಿಲ್ಲ. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪವನ್ನು ಕೃಷ್ಣದೇವರಾಯನು 1510ರಲ್ಲಿ ಕಟ್ಟಿಸಿದನೆಂದು ಅಲ್ಲಿಯ ಶಾಸನದಿಂದ ತಿಳಿಯುತ್ತದೆ. ಅದರ ಒಳಮಾಳಿಗೆಯಲ್ಲಿ ಪಲ್ಲಕ್ಕಿಯಲ್ಲಿ ಸಾಗುವ ವಿದ್ಯಾರಣ್ಯರಿದ್ದಾರೆ, ಮತ್ಸ್ಯಯಂತ್ರವನ್ನು ಭೇದಿಸುವ ಅರ್ಜುನನಿದ್ದಾನೆ, ದಶಾವತಾರಗಳಿವೆ. ಕಟ್ಟಡದ ಕಾಲ ನಿಶ್ಚಿತವಾದರೂ ಚಿತ್ರದ ಕಾಲ ನಿಶ್ಚಿತವಲ್ಲ. ವಿಜಯನಗರದ ಕಾಲದ್ದೆಂದು ಕೆಲವರೂ ಹತ್ತೊಂಬತ್ತನೆಯ ಶತಮಾನದ ಆದಿಭಾಗದ್ದೆಂದು ಕೆಲವರೂ ವಾದಿಸುತ್ತ ಬಂದಿದ್ದಾರೆ. ಹಳೆಯ ಗೆರೆಯ ಮೇಲೆ ಹೊಸ ಗೆರೆ ಬಿದ್ದಿರಬಹುದಾದ ಕಡೆ ಯಾವುದು ಯಾರದೆಂದು ಹೇಳುವ ಬಗೆ ಹೇಗೆ? ಗ್ರಂಥಸಂಪಾದನೆಯ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಪ್ರಕ್ಷಿಪ್ತವು ಮೂಲವನ್ನು ನುಂಗಿಬಿಟ್ಟಿದೆ.

ಬಾದಾಮಿಯ ಮಾತು ಬೇರೆ. ಮಂಗಳೇಶನು 578ರಲ್ಲಿ ಪೂರ್ಣಗೊಳಿಸಿದ ಮೂರನೆಯ ಗುಹೆಯ ಸೂರಿನ ಒಳಬಾಗಿನಲ್ಲಿ ಚಾಲುಕ್ಯರ ಕಾಲದ ಚಿತ್ರಗಳ ತುಣುಕುಗಳು ಉಳಿದಿವೆ. ಸ್ಟೆಲ್ಲಾ ಕ್ರಾಮ್ರಿಶ್ 1936ರಲ್ಲಿ ಇವುಗಳನ್ನು ಕುರಿತು ಬರೆದ ಲೇಖನದಿಂದ ವಿದ್ವಲ್ಲೋಕದ ಗಮನ ಇತ್ತ ಹರಿಯಿತು. ಮುಂಬಯಿಯ ಜೆ. ಜೆ. ಕಲಾಶಾಲೆಯ ಅಧ್ಯಾಪಕರಾಗಿದ್ದ ಜೆ. ಎಂ. ಅಹಿವಾಸಿಯವರು ಇವುಗಳ ಪ್ರತಿಗಳನ್ನು ಕೈಯಿಂದ ಬರೆದರು. ಸಿ. ಶಿವರಾಮಮೂರ್ತಿಯವರು ಒಂದು ದೃಶ್ಯದಲ್ಲಿ ನೃತ್ಯವನ್ನು ನೋಡುತ್ತಿರುವ ಇಂದ್ರನನ್ನೂ ಮತ್ತೊಂದರಲ್ಲಿ ಮಂಗಳೇಶನ ಅಣ್ಣ ಕೀರ್ತಿವರ್ಮನನ್ನೂ ಗುರುತಿಸಿದರು. ಇಂದು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಕತ್ತೆತ್ತಿಸಿ ನಿಲ್ಲಿಸಿದರೆ, "ಎಲ್ಲಿ ಅದ ರೀ ಸರ?" ಎಂದು ಕೇಳುತ್ತಾರೆ. ಅವರ ತಪ್ಪಲ್ಲ, ನನ್ನ ಕಣ್ಣಿಗೂ ಕಂದುಬಣ್ಣದ ಕಲೆಗಳ ನಡುವೆ ಒಂದು ತೋಳು, ಒಂದು ಕಂಬ, ಇಷ್ಟು ದೊರೆತರೆ ಹೆಚ್ಚು. ಆದರೂ ಅಲ್ಲಿ ಯಾರೂ ಮೇಲೆ ಬರೆದಿಲ್ಲ, ಪಕ್ಕದಲ್ಲಿ ಬರೆದರು. ಅದರಿಂದಾಗಿಯೇ ಇಂದಿಗೂ ಪ್ರತಿಯನ್ನು ಮೂಲದೊಡನೆ ಹೋಲಿಸಿ ನೋಡುವ, ಪ್ರತಿಕಾರನೊಡನೆ ಜಗಳವಾಡುವ ಅವಕಾಶ ನಮಗೆ ಉಳಿದಿದೆ.

ಕನ್ನಡದಲ್ಲಿ ನಾವು ಚಿತ್ರವನ್ನು "ಬರೆಯುತ್ತೇವೆ". ಓಲೆಗರಿಯನ್ನು ಪ್ರತಿಮಾಡಿದ ಲಿಪಿಕಾರನ ಕೆಲಸಕ್ಕೂ ಭಿತ್ತಿಚಿತ್ರವನ್ನು ಪ್ರತಿಮಾಡುವವನ ಕೆಲಸಕ್ಕೂ ಹೆಸರು ಒಂದೇ ಆದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿದಳು. ಅವಳನ್ನು ನಕಲು ಮಾಡಿಸಿದವಳೆಂದು ಯಾರೂ ಹಳಿಯಲಿಲ್ಲ, ದಾನಚಿಂತಾಮಣಿಯೆಂದು ಕರೆದರು. ಒಳ್ಳೆಯ ಲಿಪಿಕಾರನು ಗರಿ ಮುರಿದ ಎಡೆಯಲ್ಲಿ ಸ್ಥಳ ಬಿಡುತ್ತಾನೆ. ಜಾಣನೆನಿಸಿಕೊಳ್ಳಬಯಸುವವನು ತನ್ನ ಪದ್ಯವನ್ನು ಸೇರಿಸುತ್ತಾನೆ. ನಾವು ಕಾಲೇಜಿನಲ್ಲಿ ಗ್ರಂಥಪಾತವನ್ನು ಚುಕ್ಕೆಗಳಿಂದ ತೋರಿಸಲು ಕಲಿಸುತ್ತೇವಷ್ಟೆ. ಗೋಡೆಗೂ ಅದೇ ನ್ಯಾಯ ಸಲ್ಲಬೇಡವೆ?

ಛಾಯಾಚಿತ್ರವಿರುವಾಗ ಕೈಬರಹದ ಗೊಡವೆ ಏಕೆಂದು ಕೇಳುವವರಿದ್ದಾರೆ. ಛಾಯಾಚಿತ್ರ ಬೇಕೇ ಬೇಕು. ಆದರೆ ಅದಕ್ಕೆ ಬಿರುಕೂ ಒಂದೇ, ಗೆರೆಯೂ ಒಂದೇ. ಕುಂಚ ಹಿಡಿದವನು ಅಂಗುಲ ಅಂಗುಲಕ್ಕೂ ಇದು ಹುಬ್ಬೋ ಹೊಗೆಯ ಕಲೆಯೋ ಎಂದು ನಿರ್ಣಯಿಸಲೇಬೇಕು. ಪ್ರತಿಯೆಂಬುದು ಒಂದು ಓದು, ತಪ್ಪಾಗಬಹುದಾದ ಓದು. ಈಗಂತೂ ಗಣಕಯಂತ್ರವು ಒಡೆದ ಮುಖವನ್ನು ಕ್ಷಣದಲ್ಲಿ ತುಂಬಿಕೊಡುತ್ತದೆ, ಎಲ್ಲಿಂದ ಎಲ್ಲಿಯವರೆಗೆ ತುಂಬಿತೆಂಬುದನ್ನು ಮಾತ್ರ ಹೇಳುವುದಿಲ್ಲ. ಇಳಕಲ್ಲಿನ ನೇಕಾರನು ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸಿದ ಎಡೆ, ನೋಡಬಲ್ಲವರಿಗೆ ಕಾಣುತ್ತದೆ. ಅಷ್ಟು ಪ್ರಾಮಾಣಿಕತೆ ಯಂತ್ರದಿಂದಲೂ ಅಪೇಕ್ಷಣೀಯ.

ಪ್ರತಿಕಾರರೆಲ್ಲರೂ ನಿರ್ದೋಷಿಗಳೆಂದೇನೂ ನಾನು ಹೇಳುತ್ತಿಲ್ಲ. ಅಜಂತೆಯಲ್ಲಿ ರಾಬರ್ಟ್ ಗಿಲ್ 1844ರಿಂದ ವರ್ಷಗಟ್ಟಲೆ ಕುಳಿತು ಬರೆದ ಪ್ರತಿಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಗೆ ಆಹುತಿಯಾದವು. ಅನಂತರ ಬಂದ ಜಾನ್ ಗ್ರಿಫಿತ್ಸರ ತಂಡವು ಬಣ್ಣ ಸ್ಪಷ್ಟವಾಗಿ ಕಾಣಲೆಂದು ಮೂಲಕ್ಕೇ ವಾರ್ನಿಷು ಬಳಿದು, ಪ್ರತಿಗಾಗಿ ಮೂಲವನ್ನು ಕೆಡಿಸಿತು. ಅವರ ಪ್ರತಿಗಳಲ್ಲಿಯೂ ಹಲವು 1885ರಲ್ಲಿ ಸುಟ್ಟುಹೋದವು. 1909ರಿಂದ 1911ರವರೆಗೆ ಲೇಡಿ ಹೆರಿಂಗ್‌ಹ್ಯಾಮ್ ನಡೆಸಿದ ಕಾರ್ಯದಲ್ಲಿ ನಂದಲಾಲ್ ಬೋಸರೊಡನೆ ನಮ್ಮ ಕೆ. ವೆಂಕಟಪ್ಪನವರೂ ಕುಂಚ ಹಿಡಿದಿದ್ದರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

ಬಾದಾಮಿಗೆ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಿದೆ. ಘೋಷಿತವಾದ ಇತರ ಸ್ಮಾರಕಗಳಿಗೆ ರಾಜ್ಯದ 1961ರ ಕಾಯಿದೆಯಿದೆ. ಎರಡು ಪಟ್ಟಿಗೂ ಸೇರದ ಹಳ್ಳಿಯ ಗುಡಿಗೆ ಇರುವುದು ಊರವರ ಭಕ್ತಿಯೊಂದೇ. ಆ ಭಕ್ತಿಗೆ ಅಡ್ಡಿಯಾಗುವುದು ನನ್ನ ಇಚ್ಛೆಯಲ್ಲ. ಸುಣ್ಣ ಬಳಿಯುವ ಮೊದಲು ಚಿತ್ರಕಲೆಯ ಇಬ್ಬರು ವಿದ್ಯಾರ್ಥಿಗಳನ್ನು ಕರೆಸಿ, ಬಟ್ಟೆಯ ಮೇಲೆ ಮೂಲದ ಅಳತೆಯಲ್ಲಿಯೇ ಪ್ರತಿಯೊಂದನ್ನು ಬರೆಯಿಸಲಿ. ಉದುರಿದ ಎಡೆಯನ್ನು ಖಾಲಿ ಬಿಡಿಸಲಿ. ಬರೆದವರ ಹೆಸರೂ ತಾರೀಖೂ ಅದರ ಮೂಲೆಯಲ್ಲಿರಲಿ. ಎಣ್ಣೆಬಣ್ಣಕ್ಕೆ ಹಣ ಕೂಡಿಸಬಲ್ಲ ಊರಿಗೆ ಇದು ಭಾರವಾಗಲಾರದು.

ಸಮಾರಂಭ ಮುಗಿದ ಮೇಲೆ, ಹಳೆಯ ಚಿತ್ರದ ಫೋಟೋ ಯಾರ ಬಳಿಯಲ್ಲಾದರೂ ಇದೆಯೇ ಎಂದು ಆ ಹಿರಿಯರನ್ನು ಕೇಳಿದೆ. ಅವರ ಮೊಮ್ಮಗ ಮೊಬೈಲಿನಲ್ಲಿ ಬಹಳ ಹೊತ್ತು ಹುಡುಕಿ, ಅದೇ ಗುಡಿಯಲ್ಲಿ ನಡೆದ ಮದುವೆಯೊಂದರ ಫೋಟೋ ತೆಗೆದು ತೋರಿಸಿದ. ಮದುಮಕ್ಕಳ ತಲೆಗಳ ನಡುವೆ ಗಿರಿಜೆಯ ಒಂದು ಕೈ ಕಾಣುತ್ತಿತ್ತು. ಅದರ ಮೇಲೆ ಧಾರೆಯ ಗಿಂಡಿಯ ಮೂತಿ. ನಮ್ಮೂರಿನ ಡ್ರಾಯಿಂಗ್ ಮಾಸ್ತರರೊಬ್ಬರು ಈಗ ಅಷ್ಟನ್ನೇ ಬಟ್ಟೆಯ ಮೇಲೆ ಬರೆಯುತ್ತಿದ್ದಾರೆ. ಉಳಿದ ಬಟ್ಟೆಯನ್ನು ಹಾಗೆಯೇ ಬಿಟ್ಟಿದ್ದಾರೆ.