ಉಡಿಕಿ ರಾತ್ರಿಯಲ್ಲೇ ಏಕೆ ಆಗಬೇಕು?



ಮರುಮದುವೆಗೆ ನಾವು ಹೊಸ ಹೆಸರು ಹುಡುಕಬೇಕಿಲ್ಲ. ಉಡಿಕಿ, ಸೀರುಡಿಕೆ, ಕೂಡಾವಳಿ – ಬಾದಾಮಿ, ಹುನಗುಂದ ಸೀಮೆಯ ಹಿರಿಯರಿಗೆ ಈ ಮಾತುಗಳು ಗೊತ್ತು. ವಿಧವೆಯರ ಮರುಮದುವೆಗೆ ಇಂಗ್ಲಿಷರ ಸರ್ಕಾರ 1856ರಲ್ಲಿ ಕಾಯ್ದೆ ಮಾಡಿತು. ನಮ್ಮ ಒಕ್ಕಲು ಮನೆತನಗಳಲ್ಲಿ ಅದು ಮೊದಲೇ ರೂಢಿಯಲ್ಲಿತ್ತು. ಇದನ್ನು ವೇದಿಕೆಗಳ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ. ಹೇಗೆ ನಡೆಯುತ್ತಿತ್ತು ಎಂಬುದನ್ನು ಹೇಳುವುದಿಲ್ಲ. ಹಂದರವಿಲ್ಲ, ವಾಲಗವಿಲ್ಲ. ಹೊತ್ತು ಮುಳುಗಿದ ಮೇಲೆ ನಾಲ್ಕು ಜನರ ಎದುರು ಹೊಸ ಸೀರೆ ಉಡಿಸಿದರೆ ಮುಗಿಯಿತು. ಮುತ್ತೈದೆಯರು ಆ ಕಡೆ ಸುಳಿಯುತ್ತಿರಲಿಲ್ಲ. ಉಡಿಕಿಯಾದವಳನ್ನು ಮುಂದೆ ಯಾರ ಮನೆಯ ಆರತಿಗೂ ಕರೆಯುತ್ತಿರಲಿಲ್ಲ. ಹೆಂಡತಿ ಸತ್ತವನು ಕನ್ಯೆಯನ್ನು ತಂದರೆ ಮಾತ್ರ ಬಾಸಿಂಗ, ಹಂದರ, ಹಗಲು ಮದುವೆ. ಇಳಕಲ್ಲ ಸೀರೆ ಎರಡೂ ಕಡೆ ಒಂದೇ, ಮರ್ಯಾದೆ ಮಾತ್ರ ಬೇರೆ!

ಓದಿದ ಮನೆತನಗಳಲ್ಲಿ ಈಗ ಆ ರಾತ್ರಿಯ ಉಡಿಕಿಯೂ ಇಲ್ಲವಾಗಿದೆ. ಐವತ್ತೈದು ದಾಟಿದವರಂತೂ ಬಾಯಿ ಬಿಡುವಂತಿಲ್ಲ.

ಬಾಗಲಕೋಟೆಯ ನವನಗರದಲ್ಲಿ ಬೆಳಿಗ್ಗೆ ತಿರುಗಾಡಲು ಹೋದರೆ ನನ್ನ ವಯಸ್ಸಿನ ಒಂಟಿ ಜೀವಗಳೇ ಕಾಣುತ್ತವೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಓಣಿಗಳು ಹೋದವು, ನೆರೆಹೊರೆ ಸೆಕ್ಟರುಗಳಲ್ಲಿ ಚದುರಿತು. ಮನೆಗೆ, ಹೊಲಕ್ಕೆ, ಗಿಡಕ್ಕೆ ಪರಿಹಾರವಿತ್ತು. ಸಂಜೆ ಕಟ್ಟೆಯ ಮೇಲಿನ ಮಾತಿಗೆ ದರಪಟ್ಟಿಯಲ್ಲಿ ಕಲಂ ಇರಲಿಲ್ಲ. ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ.

ಕಳೆದ ತಿಂಗಳ ಅನುಭಾವ ಗೋಷ್ಠಿ ಮುಗಿದ ಮೇಲೆ ಇಳಕಲ್ಲಿನ ತಾಯಿಯೊಬ್ಬರು ನನ್ನನ್ನು ಕೇಳಿದರು: “ಅಣ್ಣಾರ, ಸಂಜೀಕ ಒಂದ್ ಮಾತಾಡಾಕ ಮನಿಷ್ಯಾ ಬೇಕು ಅನ್ನೂದು ತಪ್ಪೇನ್ರಿ?” ಸರ್ಕಾರಿ ನೌಕರನಾಗಿದ್ದ ಗಂಡ ತೀರಿ ಬಹಳ ವರ್ಷವಾಯಿತು. ಗೋಷ್ಠಿಗೆ ಬರುವ ಹಿರಿಯರೊಬ್ಬರು, ಅವರೂ ಪತ್ನಿಯನ್ನು ಕಳೆದುಕೊಂಡವರು, ಮನಸ್ಸಿಗೆ ಹಿಡಿಸಿದ್ದಾರೆ. ಮಗಳು ಒಪ್ಪಿದ್ದಾಳೆ. ಮಗ “ಮಂದಿ ಏನ್ ಅಂದಾರು” ಎಂಬಲ್ಲಿಗೇ ನಿಂತಿದ್ದಾನೆ. ಮಗ ಒಪ್ಪಿದರೂ ಇನ್ನೊಂದು ತೊಡಕಿದೆ. ನಮ್ಮ ರಾಜ್ಯದ ಕುಟುಂಬ ಪಿಂಚಣಿ ನಿಯಮದಂತೆ ವಿಧವೆಗೆ ಪಿಂಚಣಿ ಸಿಗುವುದು ಮರಣ ಅಥವಾ ಮರುಮದುವೆಯವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. ಮರಣವನ್ನೂ ಮದುವೆಯನ್ನೂ ಒಂದೇ ಸಾಲಿನಲ್ಲಿಟ್ಟ ನಿಯಮವಿದು. ಕೇಂದ್ರ ಸರ್ಕಾರದ ನಿಯಮದಲ್ಲಿ ಮಕ್ಕಳಿಲ್ಲದ ವಿಧವೆ ಮರುಮದುವೆಯಾದರೂ, ಆಕೆಯ ಬೇರೆ ಆದಾಯ ಮಿತಿಯೊಳಗಿದ್ದರೆ, ಪಿಂಚಣಿ ನಡೆಯುತ್ತದೆ. ಮಕ್ಕಳಿದ್ದವರಿಗೆ ಅಲ್ಲಿಯೂ ಇಲ್ಲ. ಹೀಗಾಗಿ ಕೈಯಲ್ಲಿರುವ ಅನ್ನ ಬಿಟ್ಟು ಸಂಗಾತಿಯ ಕೈ ಹಿಡಿ ಎಂದು ಆ ತಾಯಿಗೆ ಯಾವ ಬಾಯಿಂದ ಹೇಳುವುದು?

ಮಕ್ಕಳ ಭಯ ಬಹುಪಾಲು ಆಸ್ತಿಯದು. ತಾಯಿ ಮರುಮದುವೆಯಾದರೆ ಮೊದಲ ಗಂಡನ ಪಾಲು ಬಿಟ್ಟುಕೊಡಬೇಕು ಎಂಬ ನಂಬಿಕೆ 1856ರ ಕಾಯ್ದೆಯ ಕಾಲದ್ದು. 1956ರ ಉತ್ತರಾಧಿಕಾರ ಕಾಯ್ದೆಯಡಿ ಆಕೆಗೆ ಬಂದ ಪಾಲು ಆಕೆಯದೇ. ಗಂಡಸಿನ ವಿಷಯದಲ್ಲಿ ಭಯಕ್ಕೆ ಆಧಾರವಿದೆ: ಹೊಸ ಹೆಂಡತಿ ಮಕ್ಕಳಷ್ಟೇ ಹಕ್ಕುದಾರಳು. ಅದಕ್ಕೆ ದಾರಿ ಇಲ್ಲದಿಲ್ಲ. ಸ್ವಯಾರ್ಜಿತ ಆಸ್ತಿಗೆ ಮೊದಲೇ ಮೃತ್ಯುಪತ್ರ ಬರೆದು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಆಕೆಗೆ ಜೀವಿತಾವಧಿ ವಾಸದ ಮನೆ ಎಂದು ಅದರಲ್ಲೇ ಕಾಣಿಸಬೇಕು. ಮಕ್ಕಳನ್ನು ಕೂರಿಸಿಕೊಂಡು ಓದಿ ಹೇಳಿದರೆ ಅರ್ಧ ಜಗಳ ಅಲ್ಲೇ ಕರಗುತ್ತದೆ. ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡ 1955ರ ವಿವಾಹ ಕಾಯ್ದೆ ವಯಸ್ಸಿಗೆ ಮೇಲಿನ ಮಿತಿ ಹಾಕಿಲ್ಲ.

ಗಂಡಸರಿಗೂ ಒಂದು ಮಾತು. “ಅಡಿಗಿ ಮಾಡಾಕ ಯಾರರ ಬೇಕಲ್ಲ” ಎಂದು ಹೆಣ್ಣು ಹುಡುಕುವ ಹಿರಿಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಥವರು ಅಡಿಗೆಯವರನ್ನು ಗೊತ್ತು ಮಾಡಿಕೊಳ್ಳಲಿ. ಗಂಡ ಹೆಚ್ಚು ಅಕ್ಕಿ ಆಯ್ದು ತಂದಾಗ ಸುರಿದು ಬಾ ಎಂದು ತಿರುಗಿ ಕಳಿಸಿದ ಆಯ್ದಕ್ಕಿ ಲಕ್ಕಮ್ಮನಂಥ ಸಂಗಾತಿಯನ್ನು ತಾಳಿಕೊಳ್ಳುವವರು ಮಾತ್ರ ಮುಂದೆ ಬರಲಿ.

ಪರಿಚಯವಾಗಬೇಕಾದರೆ ಕೂತು ಮಾತಾಡಬೇಕು. ಹುಡುಗರು ಅದಕ್ಕೆ ಡೇಟಿಂಗ್ ಎನ್ನುತ್ತಾರೆ, ಎನ್ನಲಿ. ಸಕ್ಕರೆ ಕಾಯಿಲೆ, ಸಾಲ, ಸೊಸೆಯ ಸ್ವಭಾವ – ಅರವತ್ತರಲ್ಲಿ ತಿಳಿದುಕೊಳ್ಳಬೇಕಾದದ್ದು ಇಪ್ಪತ್ತೈದಕ್ಕಿಂತ ಹೆಚ್ಚು. ಅಹಮದಾಬಾದಿನ ನಟುಭಾಯಿ ಪಟೇಲರು 2001ರ ಭೂಕಂಪದಲ್ಲಿ ಜೊತೆಗಾರರನ್ನು ಕಳೆದುಕೊಂಡವರ ಪಾಡು ಕಂಡು ಹಿರಿಯರ ಪರಿಚಯ ಸಮಾವೇಶಗಳನ್ನು ನಡೆಸುತ್ತ ಬಂದರು. ನಮ್ಮ ವಧು-ವರರ ಸಮಾವೇಶಗಳಲ್ಲಿ ಹಿರಿಯರಿಗೆ ಕೆಲಸ ಒಂದೇ, ಮೊಮ್ಮಕ್ಕಳ ಬಯೋಡಾಟಾ ಹಿಡಿದು ಕೂಡುವುದು.

ಪೂಜ್ಯರಲ್ಲಿ ನಮ್ಮ ಬಿನ್ನಹ ಇಷ್ಟೇ. ಮಠದ ಪಡಸಾಲೆಯಲ್ಲಿ ತಿಂಗಳಿಗೊಂದು ದಿನ ಒಂಟಿ ಹಿರಿಯರಿಗೆ ಕೂಡಲು ಜಾಗ ಕೊಡಬೇಕು. ಒಪ್ಪಿದವರ ಮದುವೆಯನ್ನು ಸಾಮೂಹಿಕ ವಿವಾಹದ ಹಂದರದಲ್ಲಿಯೇ, ಹಗಲಿನಲ್ಲಿ, ಎಲ್ಲ ಮುತ್ತೈದೆಯರ ಆರತಿಯೊಂದಿಗೆ ನಡೆಸಬೇಕು.

ಕುಟುಂಬ ಪಿಂಚಣಿ ನಿಯಮದ ತಿದ್ದುಪಡಿಗಾಗಿ ಸರ್ಕಾರಕ್ಕೆ ಮನವಿ ಸಿದ್ಧವಾಗಿದೆ. ಶ್ರಾವಣದ ಪ್ರವಚನ ಮುಗಿಯುವವರೆಗೆ ಮಠದ ಕಾರ್ಯಾಲಯದಲ್ಲಿರುತ್ತದೆ. ಪಿಂಚಣಿ ಪುಸ್ತಕ ತರಬೇಕಿಲ್ಲ; ಹೆಸರು, ಊರು, ಸಹಿ ಸಾಕು. ಮಕ್ಕಳು ಬಂದು ಸಹಿ ಹಾಕಿದರೆ ಇನ್ನೂ ಒಳ್ಳೆಯದು.