ಅಣ್ಣನ ಬಂದೂಕಿಗೆ ಸ್ಕೋಪ್ ಬೇಡ

ಆಫೀಸ್ ಕೆಲಸದ ಮೇಲೆ ಅಮೇರಿಕಾಗೆ ಹೋಗ್ತೀನಿ ಅಂತ ಗೊತ್ತಾದರೆ ಸಾಕು, ಬೇಡಿಕೆಗಳ ಪಟ್ಟಿ ಶುರು. ಫೋನು, ಸೆಂಟು, ಚಾಕಲೇಟು... ನಿಮಗೂ ಇದು ಹೊಸದಲ್ಲ ಬಿಡಿ. ಈ ಸಲ ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಕಡೆ ಇರೋ ನಮ್ಮ ದೊಡ್ಡಪ್ಪನ ಮಗ ಕೇಳಿದ್ದು ಮಾತ್ರ ಬೇರೆ. "ಲೋ, ಬರ್ತಾ ಬಂದೂಕಿಗೆ ಹಾಕೋ ಸ್ಕೋಪ್ ಒಂದು ತಗಂಬಾರ್ಲಾ. ನಾನೂರು ಮೀಟ್ರು ದೂರ ಇದ್ರೂ ಹಂದಿ ಗುರಿಗೆ ಸಿಗ್ಬೇಕು. ಯಾವ್ದು ಒಳ್ಳೇದು ಅಂತ ನೀನೇ ನೋಡು, ಇಂಜಿನಿಯರ್ ಅಲ್ವಾ ನೀನು?" ಅಂದ.

ಅಮೇರಿಕನ್ನರು ಜಿಂಕೆ ಹೊಡೆಯೋ ಯೂಟ್ಯೂಬ್ ವಿಡಿಯೋಗಳ ಪ್ರಭಾವ ಇದು. ಅವನ ಕಷ್ಟ ಸುಳ್ಳಲ್ಲ. ಕಾಳು ಕಟ್ಟಿದ ರಾಗಿ ಹೊಲಕ್ಕೆ ರಾತ್ರಿ ಹಂದಿ ಹಿಂಡು ನುಗ್ಗಿದರೆ ತಿಂದಿದ್ದಕ್ಕಿಂತ ತುಳಿದಿದ್ದೇ ಹೆಚ್ಚು. ಕಡಲೆಕಾಯಿ ಹಾಕಿದ್ದರಂತೂ ನೇಗಿಲು ಹೊಡೆದ ಹಾಗೆ ಉತ್ತು ಹೋಗಿರುತ್ತವೆ. ಆದರೂ ನನ್ನ ಉತ್ತರ ಒಂದೇ: ಸ್ಕೋಪ್ ತರಲ್ಲ, ಯಾರೂ ತರಬಾರದು.

ಇಂಜಿನಿಯರ್ ಅಂತ ಕರೆದ ಮೇಲೆ ಸ್ವಲ್ಪ ಲೆಕ್ಕ ನೋಡೋಣ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋ ಸ್ಕೋಪಿನ ಮೇಲೆ 3-9×40 ಅಂತ ಬರೆದಿರುತ್ತೆ. ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುತ್ತೆ, ಮುಂದಿನ ಗಾಜು 40 ಮಿ.ಮೀ. ಅಂತ ಅರ್ಥ. 40ನ್ನು 9ರಿಂದ ಭಾಗಿಸಿ, ಸುಮಾರು 4.4. ಅಷ್ಟು ಮಿಲಿಮೀಟರ್ ಅಗಲದ ಬೆಳಕಿನ ಕಡ್ಡಿ ನಿಮ್ಮ ಕಣ್ಣಿಗೆ ಬರುತ್ತೆ. ಕತ್ತಲಲ್ಲಿ ಹರೆಯದವರ ಕಣ್ಣಪಾಪೆ ಸುಮಾರು 7 ಮಿ.ಮೀ. ತೆರೆದುಕೊಳ್ಳುತ್ತೆ. ಅಣ್ಣ ಕೇಳಿದಂಥ "ದೂರದ" ಸ್ಕೋಪು, ಉದಾಹರಣೆಗೆ 24 ಪಟ್ಟಿನ 50 ಮಿ.ಮೀ. ಗಾಜಿನದ್ದು, ಕೊಡೋದು ಬರೀ 2 ಮಿ.ಮೀ. ಹಂದಿ ಬರೋದೇ ರಾತ್ರಿ. ಅಷ್ಟೊಂದು ದುಡ್ಡು ಸುರಿದು ಕತ್ತಲನ್ನೇ ದೊಡ್ಡದು ಮಾಡಿ ನೋಡಿದ ಹಾಗಾಯ್ತು :)

ಇನ್ನು ಬಂದೂಕು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರೋ ಅವನ ಬಂದೂಕು ಒಂಟಿ ನಳಿಕೆಯ 12 ಬೋರ್. ಚುನಾವಣೆ ಬಂದಾಗಲೆಲ್ಲ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕೂತು ಬರುತ್ತಲ್ಲ, ಅದೇ ಜಾತಿ. ಅದರ ನಳಿಕೆ ಒಳಗೆ ನುಣುಪು. ರೈಫಲ್ಲಿನಲ್ಲಿ ಗುಂಡನ್ನು ತಿರುಗಿಸಿ ನೆಟ್ಟಗೆ ಓಡಿಸೋ ಸುರುಳಿ ಗೀರುಗಳು ಇದರಲ್ಲಿಲ್ಲ. ಚರೆ ಹಾಕಿ ಹೊಡೆದರೆ 40 ಗಜಕ್ಕೆ ಹೋಗೋ ಹೊತ್ತಿಗೆ ಹತ್ತಿರ ಹತ್ತಿರ ಒಂದು ಮೀಟರ್ ಅಗಲ ಹರಡಿರುತ್ತೆ, ಅಲ್ಲಿಂದಾಚೆ ದೇವರೇ ಗತಿ. ಇದಕ್ಕೆ ಕಾಲು ಎಂಒಎ ಕ್ಲಿಕ್ಕಿನ ಸ್ಕೋಪು (ಒಂದು ಕ್ಲಿಕ್ಕಿಗೆ 100 ಗಜದಲ್ಲಿ ಗುರಿ ಕಾಲು ಇಂಚು ಸರಿಯುತ್ತೆ) ಯಾಕೆ? ಎತ್ತಿನಗಾಡಿಗೆ ಸ್ಪೀಡೋಮೀಟರ್ ಕಟ್ಟಿದ ಹಾಗೆ.

ಸರಿ, ರೈಫಲ್ಲೇ ಇದೆ ಅಂತಿಟ್ಟುಕೊಳ್ಳಿ. .308 ಗುಂಡು 100 ಗಜಕ್ಕೆ ಗುರಿ ಹೊಂದಿಸಿದ್ದರೆ 300 ಗಜದಲ್ಲಿ ಒಂದು ಅಡಿಗಿಂತ ಕೆಳಗೆ ಬೀಳುತ್ತೆ, ಗಾಳಿ ಬೀಸಿದರೆ ಪಕ್ಕಕ್ಕೂ ಸರಿಯುತ್ತೆ. ತಪ್ಪಿದ ಗುಂಡು ಅಲ್ಲೇ ನಿಲ್ಲಲ್ಲ, ಎರಡು ಮೂರು ಕಿಲೋಮೀಟರ್ ದಾಟಬಲ್ಲದು. ನಮ್ಮ ಸೀಮೆಯೋ, ಹೆಜ್ಜೆಗೊಂದು ಕಲ್ಲುಬಂಡೆ. ಕ್ಲೋಸ್‌ಪೇಟೆ ಗ್ರಾನೈಟು ಅಂತ ಭೂಗರ್ಭಶಾಸ್ತ್ರದ ಪುಸ್ತಕದಲ್ಲಿ ರಾಮನಗರದ ಹಳೇ ಹೆಸರು ಉಳಿಸಿಕೊಂಡಿರೋ ಬಂಡೆ ಇದು. ಗುಂಡು ತಾಗಿದರೆ ಯಾವ ದಿಕ್ಕಿಗೆ ಸಿಡಿಯುತ್ತೆ ಅಂತ ಹೇಳೋಕಾಗಲ್ಲ. ಆ ಹೊತ್ತಲ್ಲಿ ಹೊಲದಲ್ಲಿ ಯಾರಿರ್ತಾರೆ ಹೇಳಿ? ತ್ರೀ ಫೇಸ್ ಕರೆಂಟ್ ಬಂತು ಅಂತ ಮೋಟರ್ ಹಾಕೋಕೆ ಬಂದ ಪಕ್ಕದ ಹೊಲದವರು.

ನನಗೆ ಎಲ್ಲಕ್ಕಿಂತ ಹೆದರಿಕೆ ಇಲ್ಲೇ. ಸ್ಕೋಪ್ ಕೂತಿರೋದು ಬಂದೂಕಿನ ಮೇಲೆ ಕಣ್ರೀ. ಅದರಲ್ಲಿ ಏನನ್ನಾದರೂ ನೋಡೋದು ಅಂದ್ರೆ ನಳಿಕೆಯನ್ನು ಅದರ ಕಡೆ ತಿರುಗಿಸೋದು. ಪೊದೆ ಹಿಂದೆ ಅಲ್ಲಾಡ್ತಿರೋದು ಹಂದಿಯೋ, ಎಮ್ಮೆ ಕರುವೋ, ಕಂಬಳಿ ಹೊದ್ದ ಮನುಷ್ಯನೋ ಅಂತ ತಿಳಿಯೋಕೆ ಮೊದಲು ಅವನ ಎದೆಗೆ ಗುರಿ ಇಡಬೇಕು, ಆಮೇಲೆ ಗುರುತು ಹಿಡಿಯಬೇಕು. ಅಮೇರಿಕಾದಲ್ಲೂ ಶಿಕಾರಿ ಕಲಿಸೋರು ಇದನ್ನೇ ಬಡಕೊಳ್ಳೋದು: ಹುಡುಕೋದು ಬೈನಾಕ್ಯುಲರಿನಲ್ಲಿ, ಸ್ಕೋಪಿನಲ್ಲಿ ಅಲ್ಲ. ಯೂಟ್ಯೂಬಿನ ಐದು ನಿಮಿಷದಲ್ಲಿ ಆ ಪಾಠ ಬರಲ್ಲ.

ಕಾನೂನಿನ ಮಾತು ಬೇಗ ಮುಗಿಸ್ತೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ನಿಷಿದ್ಧ. ಬೆಳೆ ಹಾಳು ಮಾಡ್ತಿದೆ ಅಂತ ಹಂದಿ ಕೊಲ್ಲಬೇಕಾದರೂ 11ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿ ಬೇಕು. ಬಂದೂಕಿನ ಲೈಸೆನ್ಸೇ ಅನುಮತಿ ಅಂದುಕೊಂಡವರು ನಮ್ಮೂರಲ್ಲಿ ಬಹಳ. ಅದು ಬೇರೆ, ಇದು ಬೇರೆ.

"ಮತ್ತೆ ಆಂಡರ್ಸನ್ ಹೊಡೀಲಿಲ್ವಾ?" ಅಂದ ಅಣ್ಣ. ತೇಜಸ್ವಿಯವರು ಕನ್ನಡಕ್ಕೆ ತಂದ 'ಮುನಿಶಾಮಿ ಮತ್ತು ಮಾಗಡಿ ಚಿರತೆ' ಓದಿದ ಯಾರಿಗೂ ಬರೋ ಪ್ರಶ್ನೆ. ಕೆನೆತ್ ಆಂಡರ್ಸನ್ ಹಿಡಿದಿದ್ದು .405 ವಿಂಚೆಸ್ಟರ್, ಜೊತೆಗೊಂದು ಟಾರ್ಚು. ಮರದ ಮೇಲೆ ರಾತ್ರಿಯೆಲ್ಲ ಸೊಳ್ಳೆ ಕಚ್ಚಿಸಿಕೊಂಡು ಕೂತು, ಪ್ರಾಣಿ ಹತ್ತಿರ ಬರೋವರೆಗೆ ಕಾಯ್ತಿದ್ದ. ಆ ಕತೆಗಳ ರೋಚಕತೆ ಇರೋದೇ ಆ ಹತ್ತಿರದಲ್ಲಿ. ನಾನೂರು ಮೀಟರ್ ದೂರದಿಂದ ಹೊಡೆದಿದ್ದರೆ ಅವು ಎರಡು ಪುಟಕ್ಕೇ ಮುಗೀತಿದ್ದವು.

ಹಾಗಾದ್ರೆ ಅಣ್ಣನಿಗೆ ಏನು? ಸೋಲಾರ್ ಬೇಲಿ ಅಂದೆ, ಮುಖ ಸಿಂಡರಿಸಿದ. ದುಡ್ಡು ಅವನ ಹತ್ತಿರ ಇಲ್ಲ ಅನ್ನೋದೂ ನಿಜ. ಅಕ್ಕಪಕ್ಕದ ನಾಲ್ಕು ಹೊಲದವರು ಸೇರಿ ಹಾಕಿಸಿದರೆ ನನ್ನ ಪಾಲು ಕೊಡ್ತೀನಿ ಅಂದಿದ್ದೀನಿ. ಉರುಳು, ಸಿಡಿಮದ್ದು ಮಾತ್ರ ಬೇಡ. ಹಂದಿಗೆ ಅಂತ ಹಾಕಿದ ತಂತಿ ಉರುಳಿಗೆ ಚಿರತೆ ಬಿದ್ದು ನರಳೋದು ಯಾರಿಗೂ ಬೇಡ.

ಅಮೇರಿಕಾದಿಂದ ತರೋದು 8×42 ಬೈನಾಕ್ಯುಲರ್. ಎಂಟು ಪಟ್ಟು ಅಂದ್ರೆ ಕೈ ನಡುಗಿದರೂ ಚಿತ್ರ ಕುಣಿಯಲ್ಲ. 42ನ್ನು 8ರಿಂದ ಭಾಗಿಸಿದರೆ 5 ಮಿ.ಮೀ. ಮೇಲೆ, ಮುಸ್ಸಂಜೆಗೆ ಹೊಲದಂಚು ಚೆನ್ನಾಗಿ ಕಾಣುತ್ತೆ. ನೀರು ಹೋಗದಂತೆ ಸೀಲ್ ಮಾಡಿದ್ದಿರಬೇಕು, ಮಂಜಿಗೆ ಒಳಗಿನ ಗಾಜು ಮಸುಕಾಗಬಾರದು. 20 ಪಟ್ಟು, 30 ಪಟ್ಟು ಅಂತ ಫುಟ್‌ಪಾತಿನಲ್ಲಿ ಮಾರೋದನ್ನು ಮಾತ್ರ ಮುಟ್ಟಬೇಡಿ.

ಹಗಲಲ್ಲಿ ಅದಕ್ಕೆ ಬೇರೆ ಕೆಲಸ ಇದೆ. ನೀವೂ ಒಂದು ತಗೊಂಡು ಬೆಳಗ್ಗೆ ಬೇಗ, ಬಿಸಿಲ ಝಳಕ್ಕೆ ಗಾಳಿ ನಡುಗೋಕೆ ಮುಂಚೆ, ರಾಮದೇವರ ಬೆಟ್ಟಕ್ಕೆ ಬನ್ನಿ. 'ಶೋಲೆ' ಬೆಟ್ಟ ಅಂತ ಎಲ್ಲರಿಗೂ ಗೊತ್ತು, 2012ರಿಂದ ಅದು ರಣಹದ್ದುಗಳ ಅಭಯಾರಣ್ಯ ಅನ್ನೋದು ಕೆಲವರಿಗಷ್ಟೇ ಗೊತ್ತು. ದನಗಳಿಗೆ ಕೊಡ್ತಿದ್ದ ಡೈಕ್ಲೋಫಿನಾಕ್ ಔಷಧಿಯಿಂದ ದೇಶದ ತುಂಬ ರಣಹದ್ದುಗಳು ಸತ್ತು, 2006ರಲ್ಲಿ ಅದನ್ನು ನಿಷೇಧಿಸೋ ಹೊತ್ತಿಗೆ ಉಳಿದಿದ್ದೇ ಕಡಿಮೆ. ಇಲ್ಲಿರೋ ಉದ್ದಕೊಕ್ಕಿನವು ಕೆಲವೇ ಕೆಲವು. ಬಂಡೆ ಹತ್ತಿ ಗೂಡಿನ ಹತ್ತಿರ ಹೋಗೋದು ಬೇಡ, ಮೆಟ್ಟಿಲ ಮೇಲೇ ನಿಂತು ನೋಡಿ. ಅದೃಷ್ಟ ಇದ್ದರೆ ಬಿಳಿ ರಣಹದ್ದಿನ ಹಳದಿ ಮುಖ ಕೂಡ ಕಾಣುತ್ತೆ.